ಧರಣಿಗೂ ಒಂದು ಕಡತ ಬೇಕು

ಬೆಂಗಳೂರಿನ ಸರ್ಕಾರಿ ವಿಶ್ವವಿದ್ಯಾಲಯವೊಂದರ ಆಡಳಿತ ಭವನದ ಮುಂದೆ ಧರಣಿ ಕೂತವರ ಕೈಯಲ್ಲಿರುವ ಫಲಕಗಳನ್ನು ಒಂದೊಂದಾಗಿ ಓದಿ ನೋಡಿ. ಹಾಸ್ಟೆಲ್ ಊಟ, ಬಾರದ ವಿದ್ಯಾರ್ಥಿವೇತನ, ತಡವಾದ ಫಲಿತಾಂಶ, ಏರಿದ ಶುಲ್ಕ, ದೀಪವಿಲ್ಲದ ರಸ್ತೆ. ಕೆಲವು ವರ್ಷಗಳ ಹಿಂದೆ ಅದೇ ಮೆಟ್ಟಿಲ ಮೇಲೆ ಕೂತವರ ಕೈಯಲ್ಲೂ ಇವೇ ಇದ್ದವು. ಆಗಲೂ ಕುಲಪತಿಗಳು ಕೆಳಗಿಳಿದು ಬಂದಿದ್ದರು, ಹದಿನೈದು ದಿನ ಕಾಲಾವಕಾಶ ಕೊಡಿ ಅಂದಿದ್ದರು, ಚಪ್ಪಾಳೆ ಬಿದ್ದಿತ್ತು, ಎಲ್ಲರೂ ಎದ್ದು ಹೋಗಿದ್ದರು. ಈಗ ಕೂತವರಿಗೆ ಅದು ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಎಂ.ಎ., ಎಂ.ಎಸ್ಸಿ. ಅಂದರೆ ಎರಡೇ ವರ್ಷದ ಓದು. ಅಂದು ಕೂತವರು ಇವತ್ತು ಯಾವುದೋ ತಾಲ್ಲೂಕಿನಲ್ಲಿ ಅತಿಥಿ ಉಪನ್ಯಾಸಕರಾಗಿರುತ್ತಾರೆ, ಇಲ್ಲವೇ ವಿಜಯನಗರದ ಪಿ.ಜಿ.ಯೊಂದರಲ್ಲಿ ಕುಳಿತು ಕೆಎಎಸ್‌ಗೆ ಓದುತ್ತಿರುತ್ತಾರೆ. ಆಡಳಿತದ ಬಳಿ ಅಂದಿನ ಕಡತ ಇದೆ. ವಿದ್ಯಾರ್ಥಿಗಳ ಬಳಿ ಇಲ್ಲ.

ಕ್ಯಾಂಪಸ್ಸಿನ ಹೋರಾಟಗಳನ್ನು ಹತ್ತಿರದಿಂದ ನೋಡಿದವರನ್ನು ಕಾಡುವ ಸಂಗತಿ ಇದು. ಹುಡುಗ ಹುಡುಗಿಯರಲ್ಲಿ ಧೈರ್ಯಕ್ಕೆ ಕೊರತೆ ಇಲ್ಲ, ಸಿಟ್ಟಿಗೂ ನ್ಯಾಯವಾದ ಕಾರಣ ಇದೆ. ಆದರೂ ಪ್ರತಿ ತಂಡವೂ ಮೊದಲಿಂದ ಶುರು ಮಾಡುತ್ತದೆ, ಹಿಂದಿನವರು ಎಡವಿದ ಜಾಗದಲ್ಲೇ ಎಡವುತ್ತದೆ. ಎಡವುವ ಜಾಗಗಳೋ ತೀರಾ ಸಣ್ಣವು: ಮನವಿ ಪತ್ರದ ಮೇಲೆ ಹಾಕಿಸದ ಸೀಲು, ಬೀಗ ಬಿದ್ದ ಶೌಚಾಲಯ, ಮೂರೂವರೆಯ ಬಸ್ಸು.

ನೆನಪು ಉಳಿಸುವವರು ಯಾರು

ಕರ್ನಾಟಕದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಸಂಘಗಳ ನೇರ ಚುನಾವಣೆ 1989-90ರ ಸುಮಾರಿಗೆ ನಿಂತುಹೋಯಿತು. ಕ್ಯಾಂಪಸ್ ಚುನಾವಣೆ ಹೇಗೆ ನಡೆಯಬೇಕೆಂದು ಲಿಂಗ್ಡೊ ಸಮಿತಿ 2006ರಲ್ಲಿ ವರದಿ ಕೊಟ್ಟು, ಸುಪ್ರೀಂ ಕೋರ್ಟ್ ಅದನ್ನು ಒಪ್ಪಿದ ಮೇಲೂ ಇಲ್ಲಿ ಹಳೆಯ ಸ್ಥಿತಿಯೇ ಮುಂದುವರಿಯಿತು. ಹಣ, ಜಾತಿ, ಹೊಡೆದಾಟದ ಕಾರಣಕ್ಕೆ ಚುನಾವಣೆ ಬೇಡ ಎನ್ನುವವರ ಆತಂಕ ಸುಳ್ಳಲ್ಲ. ಆದರೆ ಚುನಾವಣೆಯ ಜೊತೆಗೆ ಸಂಘದ ಕೋಣೆ ಹೋಯಿತು, ಕೋಣೆಯಲ್ಲಿದ್ದ ಬೀರು ಹೋಯಿತು, ಬೀರಿನಲ್ಲಿದ್ದ ನಡವಳಿ ಪುಸ್ತಕ ಹೋಯಿತು. ಕಳೆದ ವರ್ಷ ಯಾರು ಏನು ಕೇಳಿದ್ದರು, ಯಾರು ಏನು ಒಪ್ಪಿದ್ದರು ಎಂದು ಹೊಸಬರಿಗೆ ಹೇಳುವ ಅಧಿಕೃತ ಜಾಗವೇ ಇಲ್ಲವಾಯಿತು. ಈಗ ಅಷ್ಟಿಷ್ಟು ನೆನಪು ಉಳಿದಿರುವುದು ಎರಡು ಕಡೆ. ಒಂದು, ಎಸ್‌ಎಫ್‌ಐ, ಎಐಡಿಎಸ್‌ಒ, ಎಬಿವಿಪಿ, ಎನ್‌ಎಸ್‌ಯುಐ ತರಹದ ಸಂಘಟನೆಗಳ ಕಚೇರಿಗಳಲ್ಲಿ. ಇನ್ನೊಂದು, ನಾಲ್ಕೈದು ವರ್ಷ ಕ್ಯಾಂಪಸ್ಸಿನಲ್ಲೇ ಇರುವ ಸಂಶೋಧನಾ ವಿದ್ಯಾರ್ಥಿಗಳ ತಲೆಯಲ್ಲಿ. ಸಂಘಟನೆಗಳ ನೆನಪಿಗೆ ಅವರವರ ಪಕ್ಷದ ಬಣ್ಣ ಇರುತ್ತದೆ. ಸಂಶೋಧನಾ ವಿದ್ಯಾರ್ಥಿಗಳಿಗೆ ಗೈಡ್ ಏನಂದಾರೋ ಎಂಬ ಅಳುಕು ಇರುತ್ತದೆ.

ಸಂಘ ಇದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕ್ಯಾಂಪಸ್ಸಾದ ಜ್ಞಾನಭಾರತಿಯ ಪಕ್ಕದಲ್ಲೇ, ನಾಗರಬಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಇದೆ. ಅಲ್ಲಿ ಚುನಾಯಿತ ವಿದ್ಯಾರ್ಥಿ ಸಂಘ ಇದೆ. 2019ರಲ್ಲಿ ಹೊಸ ಕುಲಪತಿಯ ಹೆಸರು ಆಯ್ಕೆಯಾಗಿದ್ದರೂ ನೇಮಕದ ಆದೇಶ ಹೊರಬೀಳದೆ ತಡವಾದಾಗ ಅಲ್ಲಿನ ವಿದ್ಯಾರ್ಥಿಗಳು ಧರಣಿ ಕೂತರು, ಪರೀಕ್ಷೆ ಬಹಿಷ್ಕರಿಸಿದರು. ಬೇಡಿಕೆ ಒಂದೇ, ಅದು ಆಗಬೇಕಾದ ಜಾಗವೂ ಒಂದೇ. ಸೆಪ್ಟೆಂಬರ್ ಮುಗಿಯುವುದರೊಳಗೆ ಸುಧೀರ್ ಕೃಷ್ಣಸ್ವಾಮಿ ಅವರ ನೇಮಕವಾಯಿತು. ಆ ಮಕ್ಕಳಿಗೆ ಇಂಗ್ಲಿಷ್ ಬಲ, ಕಾನೂನಿನ ಬಲ ಇತ್ತು ಎನ್ನುವುದು ಸರಿ. ಆದರೆ ಮಾತಾಡಲು ಯಾರು ಹೋಗಬೇಕು, ಬಹಿಷ್ಕಾರ ಯಾವಾಗ ನಿಲ್ಲಬೇಕು ಎಂದು ತೀರ್ಮಾನಿಸಲು ಚುನಾಯಿತರಾದವರು ಇದ್ದರು ಎನ್ನುವುದೂ ಅಷ್ಟೇ ಮುಖ್ಯ. ಗೋಡೆಯ ಈಚೆ ಅದನ್ನೆಲ್ಲ ಆ ರಾತ್ರಿಯೇ, ಹಾಸ್ಟೆಲ್ ಟೆರೇಸಿನ ಮೇಲೆ ನಿಂತು ತೀರ್ಮಾನಿಸಬೇಕು.

ಯಾರ ಸಹಿಯಿಂದ ಆಗುವ ಕೆಲಸ?

ಟೆರೇಸ್ ಸಭೆ ಸಾಮಾನ್ಯವಾಗಿ ಊಟ ಮುಗಿದ ಮೇಲೆ, ರಾತ್ರಿ ಒಂಬತ್ತೂವರೆಗೆ ಸೇರುತ್ತದೆ. ಹುಡುಗಿಯರ ಹಾಸ್ಟೆಲ್ ಗೇಟು ಅಷ್ಟು ಹೊತ್ತಿಗೆ ಮುಚ್ಚಿರುವುದರಿಂದ ಅವರು ಬರುವುದಿಲ್ಲ, ಅವರ ಬೇಡಿಕೆಗಳು ಪಟ್ಟಿಯ ಕೊನೆಗೆ ಬೀಳುತ್ತವೆ. ಸಭೆಯನ್ನು ಸಂಜೆ ಐದಕ್ಕೆ, ಗ್ರಂಥಾಲಯದ ಹಿಂದೋ ಕ್ಯಾಂಟೀನಿನ ಮುಂದೋ ಇಟ್ಟರೆ ಈ ತೊಂದರೆ ಇಲ್ಲ.

ಸಭೆಯಲ್ಲಿ ಎಲ್ಲರೂ ಎಲ್ಲವನ್ನೂ ಹೇಳುತ್ತಾರೆ, ಹೇಳಲಿ. ಆಮೇಲೆ ಕೂತು ಮಾಡಬೇಕಾದ ಮೊದಲ ಕೆಲಸ, ಪ್ರತಿ ಬೇಡಿಕೆಯ ಎದುರು ಅದು ಯಾರ ಸಹಿಯಿಂದ ಆಗುತ್ತದೆ ಎಂದು ಬರೆಯುವುದು. ಸಾಂಬಾರು ನೀರಾಗಿದ್ದರೆ ಅದು ವಾರ್ಡನ್ ಮತ್ತು ಮೆಸ್ ಸಮಿತಿಯ ಮಟ್ಟದ್ದು. ರಸ್ತೆ ದೀಪ, ಶೌಚಾಲಯ, ಕುಡಿಯುವ ನೀರು ಕುಲಸಚಿವರದ್ದು. ಫಲಿತಾಂಶ, ಮರುಮೌಲ್ಯಮಾಪನ, ಅಂಕಪಟ್ಟಿ ಕುಲಸಚಿವರು (ಮೌಲ್ಯಮಾಪನ) ಅವರದ್ದು. ಶುಲ್ಕ ಇಳಿಸಬೇಕೆಂದರೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಸಭೆಗೆ ಹೋಗಬೇಕು. ಕುಲಪತಿ ಮೆಟ್ಟಿಲ ಮೇಲೆ ನಿಂತು ಇಳಿಸಿದೆ ಎಂದರೂ ಅದಕ್ಕೆ ಬೆಲೆ ಇಲ್ಲ. ವಿದ್ಯಾರ್ಥಿವೇತನ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯದ್ದು, ಅಂದರೆ ಸರ್ಕಾರದ್ದು. ಐದೂ ಬೇಡಿಕೆಯನ್ನು ಒಂದೇ ಕಾಗದದಲ್ಲಿ ಬರೆದು ಕುಲಪತಿಗೆ ಕೊಟ್ಟರೆ ಅವರು ತಮ್ಮ ಕೈಯಲ್ಲಿಲ್ಲದ ಎರಡನ್ನು ತೋರಿಸಿ, ಕೈಯಲ್ಲಿರುವ ಮೂರನ್ನೂ ಸರ್ಕಾರದ ಮೇಲೆ ಹಾಕಿ ಕಳಿಸುತ್ತಾರೆ. ಬೇರೆ ಬೇರೆ ಕಾಗದ, ಬೇರೆ ಬೇರೆ ವಿಳಾಸ ಮಾಡಿದರೆ ಜಾರಿಕೊಳ್ಳುವುದು ಕಷ್ಟ.

ವಿದ್ಯಾರ್ಥಿವೇತನದ ಮಾತು ಬಂದಾಗ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅತಿ ಹೆಚ್ಚು ಸಂಕಟ ಇರುವುದು ಇಲ್ಲಿ, ಅತಿ ಸುಲಭವಾಗಿ ಬಾಯಿ ಮುಚ್ಚಿಸುವುದೂ ಇಲ್ಲೇ. ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಊಟ ವಸತಿಗೆಂದು ತಿಂಗಳಿಗಿಷ್ಟು ಎಂದು 10 ತಿಂಗಳಿಗೆ ಹಣ ಬರಬೇಕು. ಅದು ಬಾರದೆ ಹೋದರೆ ರಾಯಚೂರಿಂದಲೋ ಚಾಮರಾಜನಗರದಿಂದಲೋ ಬಂದ ಹುಡುಗ ಕೋಣೆ ಬಾಡಿಗೆಗೆ ಊರಿಗೆ ಫೋನ್ ಮಾಡಬೇಕು. ಸಿಟ್ಟು ಬರುತ್ತದೆ, ಧರಣಿ ಕೂರುತ್ತಾರೆ. ಅಧಿಕಾರಿ ಬಂದು, 'ನಿಮ್ಮ ಆಧಾರ್ ಬ್ಯಾಂಕಿಗೆ ಲಿಂಕ್ ಆಗಿಲ್ಲ, ನಾವೇನು ಮಾಡೋಕಾಗುತ್ತೆ' ಎನ್ನುತ್ತಾರೆ. ಕೂತವರಲ್ಲಿ ಹತ್ತಾರು ಜನರ ವಿಷಯದಲ್ಲಿ ಅದು ನಿಜವೂ ಆಗಿರುತ್ತದೆ. ಅಲ್ಲಿಗೆ ಎಲ್ಲರ ದನಿಯೂ ತಗ್ಗುತ್ತದೆ.

ಹೀಗಾಗದಂತೆ ನೋಡಿಕೊಳ್ಳಲು ಒಂದು ವಾರದ ಕೆಲಸ ಬೇಕು. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತಿಯೊಬ್ಬರ ಅರ್ಜಿಯ ಸ್ಥಿತಿ ತೆರೆದು ನೋಡಿ, ನಾಲ್ಕು ಗುಂಪು ಮಾಡಬೇಕು. ಅರ್ಜಿಯಲ್ಲೇ ತಪ್ಪಿರುವವರು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಇಲ್ಲವೇ ಆದಾಯ ಪ್ರಮಾಣಪತ್ರದ ಅವಧಿ ಮುಗಿದು ಅದರ ಮೇಲಿನ ಆರ್‌ಡಿ ಸಂಖ್ಯೆ ಹಳತಾಗಿರುವುದು. ಎರಡನೆಯವರು, ಕಾಲೇಜು ಅಥವಾ ವಿಭಾಗದ ಮಟ್ಟದಲ್ಲಿ ದಾಖಲೆಗಳ ಇ-ದೃಢೀಕರಣ ಆಗದೆ ನಿಂತವರು. ಮೂರನೆಯವರು, ಇಲಾಖೆಯಲ್ಲಿ ಮಂಜೂರಾತಿಗೆ ಕಾಯುತ್ತಿರುವವರು. ನಾಲ್ಕನೆಯವರು, ಮಂಜೂರಾಗಿಯೂ ಬ್ಯಾಂಕಿನ ಆಧಾರ್ ಜೋಡಣೆ ಇಲ್ಲದೆ ಹಣ ವಾಪಸಾದವರು. ಒಂದನೇ, ನಾಲ್ಕನೇ ಗುಂಪಿಗೆ ಬೇಕಾದದ್ದು ಧರಣಿಯಲ್ಲ. ನಾಡಕಚೇರಿಗೋ ಬ್ಯಾಂಕಿಗೋ ಹೋಗಿ ಬರಲು ಜೊತೆಗೊಬ್ಬರು ಬೇಕು. ಎರಡನೇ ಗುಂಪಿನ ಪಟ್ಟಿ ವಿಶ್ವವಿದ್ಯಾಲಯದ ಮುಂದೆ, ಮೂರನೆಯದು ಇಲಾಖೆಯ ಮುಂದೆ ಇಡಬೇಕು. ಅರ್ಜಿ ಸಂಖ್ಯೆ ಸಮೇತ ಪಟ್ಟಿ ಇದ್ದಾಗ ಅಧಿಕಾರಿ ಯಾವುದೋ ಒಬ್ಬನ ತಪ್ಪು ತೋರಿಸಿ ಎಲ್ಲರನ್ನೂ ಕಳಿಸಲು ಆಗುವುದಿಲ್ಲ.

ಮನವಿ ಪತ್ರವನ್ನು ಕುಲಪತಿಗಳ ಕೈಗೆ ಕೊಟ್ಟು ಫೋಟೊ ತೆಗೆಸಿಕೊಳ್ಳುವುದು ರೂಢಿ. ಪತ್ರಿಕೆಗೆ ಆ ಫೋಟೊ ಸಾಕು, ಕಡತಕ್ಕೆ ಸಾಲದು. ಮೂರು ಪ್ರತಿ ಮಾಡಿಸಿ, ಒಂದನ್ನು ಕುಲಪತಿಗೆ ಕೊಟ್ಟು, ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಮೂರನೆಯದರ ಮೇಲೆ ದಿನಾಂಕದ ಸೀಲು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಬೇಕು. ಆ ಸಂಖ್ಯೆ ಬಿದ್ದ ಗಳಿಗೆಯಿಂದ ಪತ್ರ ಕಚೇರಿಯ ಕಾಗದವಾಗುತ್ತದೆ, ಅದಕ್ಕೆ ಉತ್ತರಿಸಬೇಕಾದವರು ಒಬ್ಬರು ಹುಟ್ಟುತ್ತಾರೆ. ಸೀಲು ಇಲ್ಲದ ಮನವಿ ಕೊಟ್ಟಿದ್ದಕ್ಕೆ ಪುರಾವೆಯೇ ಇಲ್ಲ. ಟಪಾಲು ವಿಭಾಗದವರು 'ಸಾಹೇಬ್ರಿಗೇ ಕೊಟ್ಟಿದ್ದೀರಲ್ಲ, ಮತ್ತೆ ಯಾಕೆ' ಎನ್ನುವುದುಂಟು. ವಿನಯವಾಗಿ ನಿಂತೇ ಇರಬೇಕು, ಹಾಕಿಕೊಡುತ್ತಾರೆ.

ದಿನ ಗೊತ್ತು ಮಾಡುವುದು

ಶುಕ್ರವಾರ ಶುರು ಮಾಡಿದ ಧರಣಿ ಶನಿವಾರ ಸಾಯುತ್ತದೆ. ಎರಡನೇ, ನಾಲ್ಕನೇ ಶನಿವಾರ ಕಚೇರಿಗೆ ರಜೆ, ಊರು ಹತ್ತಿರ ಇರುವವರು ಶುಕ್ರವಾರ ಸಂಜೆಯೇ ಬ್ಯಾಗು ಹಿಡಿದಿರುತ್ತಾರೆ. ಸೋಮವಾರ ಅಥವಾ ಮಂಗಳವಾರ ಬೆಳಗ್ಗೆ ಹತ್ತೂವರೆ ಒಳ್ಳೆಯದು. ಸಿಂಡಿಕೇಟ್ ಸಭೆ, ಘಟಿಕೋತ್ಸವ, ವಿಶ್ವವಿದ್ಯಾಲಯದ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಭೇಟಿ ಹತ್ತಿರವಿದ್ದಾಗ ಆಡಳಿತ ಬೇಗ ಮಾತಿಗೆ ಬರುತ್ತದೆ. ಪರೀಕ್ಷೆಗೆ ಮೂರು ವಾರ ಇರುವಾಗ ಕರೆ ಕೊಟ್ಟರೆ ನಮ್ಮವರೇ ಬರುವುದಿಲ್ಲ.

ಬಾರದವರನ್ನು ಹೇಡಿಗಳು ಎನ್ನುವ ಪೋಸ್ಟರ್ ಬರೆಯುವವರಿದ್ದಾರೆ. ಅದು ತಪ್ಪು. ಶೇ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಇಂಟರ್ನಲ್ ಮಾರ್ಕ್ಸ್ ಪೂರಾ ವಿಭಾಗದ ಕೈಯಲ್ಲಿದೆ. ಮನೆಯಲ್ಲಿ ಮೊದಲ ಬಾರಿಗೆ ಸ್ನಾತಕೋತ್ತರ ಓದುತ್ತಿರುವ ಹುಡುಗಿಗೆ ಆ ಹತ್ತು ಅಂಕ ಕಳೆದುಕೊಳ್ಳುವ ಅವಕಾಶವಿಲ್ಲ. ಅವಳು ಮಧ್ಯಾಹ್ನದ ಬಿಡುವಿನಲ್ಲಿ ಬಂದು ಒಂದು ಗಂಟೆ ಕೂತು ಹೋದರೆ ಅದೂ ಲೆಕ್ಕವೇ. ಹಾಜರಿ ಪುಸ್ತಕ ಮುಟ್ಟದ ಹೊತ್ತು ನೋಡಿಕೊಂಡು, ವಿಭಾಗವಾರು ಪಾಳಿ ಹಾಕಿದ ಧರಣಿಗಳು ಹೆಚ್ಚು ದಿನ ಬಾಳಿವೆ.

ನೀರು, ಬೀಗ, ಕೀಲಿ

ಒಂದು ಮಾರ್ಚ್ ತಿಂಗಳ ಮಧ್ಯಾಹ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನಗರದ ಒಂದು ವಿಶ್ವವಿದ್ಯಾಲಯದ ಆಡಳಿತ ಭವನ, ಮೆಟ್ಟಿಲ ಮೇಲೆ ಸುಮಾರು ಇನ್ನೂರು ಜನ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರು. ಬೆಳಗ್ಗೆ ತಂದ ನಾಲ್ಕು ಕ್ಯಾನ್ ನೀರು ಹನ್ನೊಂದೂವರೆಗೇ ಮುಗಿಯಿತು. ಹುಡುಗರು ಓಡಿ ಮತ್ತೆ ತಂದರು. ಆದರೆ ಹೊಸ ಕ್ಯಾನಿನ ಹತ್ತಿರ ಹುಡುಗಿಯರು ಯಾರೂ ಸುಳಿಯಲಿಲ್ಲ. ಬಿಸಿಲಿಗೆ ತುಟಿ ಒಣಗಿದ್ದರೂ ಲೋಟ ಮುಟ್ಟಲಿಲ್ಲ. ಮುಂದೆ ನಿಂತು ಘೋಷಣೆ ಹಾಕಿಸುತ್ತಿದ್ದ ಹುಡುಗನಿಗೆ ಇದು ಕಾಣಲೇ ಇಲ್ಲ. ಕಂಡದ್ದು ಪಕ್ಕದಲ್ಲಿ ಕೂತಿದ್ದ ಸಮಾಜಶಾಸ್ತ್ರದ ಒಬ್ಬ ಸಂಶೋಧನಾ ವಿದ್ಯಾರ್ಥಿನಿಗೆ. ಅವರು ಎದ್ದು ನೆಲಮಹಡಿಯ ಶೌಚಾಲಯದ ಹತ್ತಿರ ಹೋದರೆ ಬೀಗ. ಅಟೆಂಡರ್ 'ಕೀ ನನ್ನ ಹತ್ರ ಇಲ್ಲಮ್ಮಾ, ಸೂಪರಿಂಟೆಂಡೆಂಟ್ ಸಾರ್ ಹತ್ರ ಇದೆ' ಎಂದರು. ಸೂಪರಿಂಟೆಂಡೆಂಟ್ ಊಟಕ್ಕೆ ಹೋಗಿದ್ದರು. ಅತಿ ಹತ್ತಿರದ ವಿಭಾಗದ ಕಟ್ಟಡಕ್ಕೆ ನಡೆದು ಹೋಗಿ ಬರಲು ಇಪ್ಪತ್ತು ನಿಮಿಷ. ಹಾಗೆ ಹೋದವರಲ್ಲಿ ಅರ್ಧ ಜನ ವಾಪಸು ಬರಲಿಲ್ಲ, ಅಲ್ಲಿಂದ ಹಾಸ್ಟೆಲ್ಲೇ ಹತ್ತಿರವಿತ್ತು. ಎರಡು ಗಂಟೆಗೆ ಮೆಟ್ಟಿಲ ಮೇಲೆ ಎಂಬತ್ತು ಜನರೂ ಇರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಮಾತುಕತೆಗೆ ಕರೆ ಬಂತು.

ಅದಾದ ಮೇಲೆ ಆ ಸಂಶೋಧನಾ ವಿದ್ಯಾರ್ಥಿನಿ ಮಾಡಿದ ಏರ್ಪಾಡು ಸರಳವಾಗಿತ್ತು. ಮರುದಿನ ಬೆಳಗ್ಗೆ ಹತ್ತಕ್ಕೇ, ಯಾರೂ ಕೂರುವ ಮೊದಲು, ಶೌಚಾಲಯ ತೆರೆದಿಡಬೇಕೆಂದು ಕುಲಸಚಿವರ ಹೆಸರಿಗೆ ಎರಡು ಸಾಲಿನ ಪತ್ರ ಕೊಟ್ಟು ಸೀಲು ಹಾಕಿಸಿದರು. ಲಿಖಿತವಾಗಿ ಕೇಳಿದ ಮೇಲೆ ಇಲ್ಲ ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ. ಜೊತೆಗೆ ಹತ್ತಿರದ ವಿಭಾಗದ ಮಹಿಳಾ ಸಿಬ್ಬಂದಿ ಒಬ್ಬರು ತಮ್ಮ ಕಡೆಯ ಕೀಲಿ ಕೊಡಲು ಒಪ್ಪಿದರು. ಒಂದು ಚೀಲದಲ್ಲಿ ಸ್ಯಾನಿಟರಿ ಪ್ಯಾಡು, ಹಳೇ ಪತ್ರಿಕೆ, ಸೋಪು.

ಇದರ ಲೆಕ್ಕ ಯಾರಾದರೂ ಬರೆದಿಟ್ಟರೆ ಮುಂದಿನವರಿಗೆ ಸಲೀಸು. ಬೇಸಿಗೆಯಲ್ಲಿ ಹತ್ತರಿಂದ ನಾಲ್ಕರವರೆಗೆ ಕೂರುವ ಒಬ್ಬರಿಗೆ ಕನಿಷ್ಠ ಒಂದೂವರೆ ಲೀಟರ್ ನೀರು. ಇನ್ನೂರು ಜನರೆಂದರೆ 20 ಲೀಟರಿನ 15 ಕ್ಯಾನು. ಒಮ್ಮೆಗೇ ತಂದಿಟ್ಟರೆ ಬಿಸಿಲಿಗೆ ಕಾಯುತ್ತದೆ, ಎರಡು ಕಂತಿನಲ್ಲಿ ತರಿಸಬೇಕು. ಊಟಕ್ಕೆ ಚಿತ್ರಾನ್ನವೇ ಸರಿ, ಸಾರು ಅನ್ನ ಬಡಿಸುತ್ತ ಕೂರಲಾಗುವುದಿಲ್ಲ. ಒಬ್ಬರಿಗೆ 100 ಗ್ರಾಂ ಅಕ್ಕಿಯಂತೆ ಇನ್ನೂರು ಜನಕ್ಕೆ 20 ಕೆ.ಜಿ. ಮಧ್ಯಾಹ್ನ ಒಂದಕ್ಕೆ ಮೊದಲೇ ಊಟ ಅಲ್ಲಿರಬೇಕು. ಊಟ ತಡವಾಯಿತೆಂದರೆ ಜನ ಮೆಸ್ಸಿಗೆ ಹೋಗುತ್ತಾರೆ, ಹೋದವರಲ್ಲಿ ತಟ್ಟೆ ತೊಳೆದು ಮಲಗುವವರೇ ಹೆಚ್ಚು. ಹಾಸ್ಟೆಲ್ ಅಡುಗೆಯವರು ಅನೇಕ ಸಲ ತಾವಾಗಿಯೇ ಒಂದು ಡಬರಿ ಹೆಚ್ಚು ಮಾಡಿ ಕಳಿಸುತ್ತಾರೆ. ಅವರ ಹೆಸರು ಎಲ್ಲೂ ಬರೆಯಬಾರದು, ಯಾವ ಫೋಟೊದಲ್ಲೂ ಅವರು ಬರಬಾರದು. ಅವರದು ಗುತ್ತಿಗೆ ಕೆಲಸ.

ದನಿ ಮತ್ತು ಬಟ್ಟೆ

ಮೆಗಾಫೋನಿನ ದಪ್ಪ ಶೆಲ್ಲುಗಳು ಮೊದಲ ಒಂದು ಗಂಟೆಯ ಉತ್ಸಾಹದಲ್ಲೇ ಖಾಲಿಯಾಗುತ್ತವೆ. ಇನ್ನೊಂದು ಜೊತೆ ಚೀಲದಲ್ಲಿರಬೇಕು. ಎಲ್ಲರೂ ಒಮ್ಮೊಮ್ಮೆ ಹಿಡಿದು ಕೂಗಲು ಹಾತೊರೆಯುತ್ತಾರೆ, ಕೊನೆಗೆ ಕುಲಪತಿ ಬಂದಾಗ ಮಾತು ಕೇಳಿಸುವುದಿಲ್ಲ. 'ಬೇಕೇ ಬೇಕು, ನ್ಯಾಯ ಬೇಕು', 'ಏನೇ ಬರಲಿ, ಒಗ್ಗಟ್ಟಿರಲಿ' ಇವಕ್ಕೆ ಯಂತ್ರ ಬೇಕಿಲ್ಲ. ತಮಟೆ ಇದ್ದರೆ ಇನ್ನೂ ಬೇಕಿಲ್ಲ.

ತಮಟೆ ತರುವವರು ತಂದು ಸುಮ್ಮನೆ ಗೋಡೆಗೆ ಒರಗಿಸಿಡುತ್ತಾರೆ. ಬೆಂಗಳೂರಿನ ಜೂನ್, ಜುಲೈ ತಿಂಗಳ ತೇವಕ್ಕೆ ಚರ್ಮ ಸಡಿಲವಾಗಿ ದಬ್ ದಬ್ ಎಂಬ ಸತ್ತ ಸದ್ದು ಬರುತ್ತದೆ. ಬಾರಿಸುವ ಮೊದಲು ಕಾಯಿಸಬೇಕು. ಒಣ ಎಲೆ, ಹಳೇ ಪತ್ರಿಕೆಯ ಉರಿ ಸಾಕು. ಉರಿಗೆ ನೇರ ಹಿಡಿಯದೆ, ಒಂದೂವರೆ ಎರಡು ಅಡಿ ಮೇಲೆ, ಸುತ್ತಲೂ ತಿರುಗಿಸುತ್ತ ಹಿಡಿಯಬೇಕು. ಬೆರಳ ತುದಿಯಿಂದ ತಟ್ಟಿ ನೋಡಿ ಟಣ್ ಎಂದರೆ ತೆಗೆದುಬಿಡಬೇಕು, ಇನ್ನೂ ಕಾಯಿಸಿದರೆ ಅಂಚಿನಲ್ಲಿ ಬಿರಿಯುತ್ತದೆ. ಬೆಂಕಿ ಕ್ಯಾಂಪಸ್ಸಿನ ಒಣ ಹುಲ್ಲಿನಿಂದ ದೂರ, ಪಕ್ಕದಲ್ಲೊಂದು ಬಕೆಟ್ ನೀರು. ಎಡಗೈಯ ಸಣ್ಣ ಕಡ್ಡಿ, ಬಲಗೈಯ ದಪ್ಪ ಕೋಲು ಎರಡೂ ಕೂಡಿ ಏಟು ಬಿದ್ದಾಗ ನಾಲ್ಕನೇ ಮಹಡಿಯ ಕಿಟಕಿಯಲ್ಲಿ ತಲೆಗಳು ಕಾಣುತ್ತವೆ. ತಮಟೆಯನ್ನು ಹಳ್ಳಿಯಿಂದ ಕಲಿತು ಬಂದ ಹುಡುಗರು ಕ್ಯಾಂಪಸ್ಸಿನಲ್ಲಿ ಅದನ್ನು ತಲೆಯೆತ್ತಿ ಬಾರಿಸುವುದನ್ನು ನೋಡುವುದೇ ಒಂದು ಹೆಮ್ಮೆ. 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದ ಸಚಿವ ಬಸವಲಿಂಗಪ್ಪನವರ ಮಾತಿನ ಸುತ್ತ ಇದೇ ರಾಜ್ಯದ ಕಾಲೇಜುಗಳಲ್ಲಿ, ಹಾಸ್ಟೆಲ್‌ಗಳಲ್ಲಿ ದಲಿತ ವಿದ್ಯಾರ್ಥಿಗಳು ಹೊಡೆತ ತಿಂದರು, ಆ ಬೇಗೆಯಿಂದಲೇ ದಲಿತ ಸಂಘರ್ಷ ಸಮಿತಿ ಮೂಡಿತು. ತಮಟೆ ಆಡಳಿತ ಭವನದ ಮೆಟ್ಟಿಲಿಗೆ ಬಂದ ದಾರಿಯಲ್ಲಿ ಅದೂ ಇದೆ.

ಬ್ಯಾನರ್‌ಗೆ ಫ್ಲೆಕ್ಸ್ ಬೇಡ, ನಗರದಲ್ಲಿ ಅದಕ್ಕೆ ನಿಷೇಧ ಇರುವುದರಿಂದ ಕಿತ್ತೆಸೆಯಲು ನೆಪ ಸಿಗುತ್ತದೆ. ಚಿಕ್ಕಪೇಟೆಯಲ್ಲಿ ಕೋರಾ ಬಟ್ಟೆ ತಂದು ಬರೆಯಬಹುದು. ಹತ್ತಡಿ ದೂರದಿಂದ ಸಲೀಸಾಗಿ ಓದಲು ಅಕ್ಷರ ಒಂದಿಂಚು ಎತ್ತರ ಇರಬೇಕು ಎಂಬ ಲೆಕ್ಕ ಹಿಡಿದರೆ, ಎಂಬತ್ತು ಅಡಿ ಆಚೆಯ ಗೇಟಿನಿಂದ ಓದಬೇಕಾದ ಬ್ಯಾನರ್‌ಗೆ ಎಂಟು ಇಂಚು. ಕನ್ನಡದಲ್ಲಿ ಒತ್ತಕ್ಷರ, ಕೊಂಬು, ದೀರ್ಘಕ್ಕೆ ಜಾಗ ಬೇಕು, ಸಾಲಿನ ನಡುವೆ ಅಷ್ಟೇ ಎತ್ತರ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನದಕ್ಕೆ ಸಿಕ್ಕಿಕೊಳ್ಳುತ್ತದೆ. ಕೋಲಿಗೆ ಕಟ್ಟಬಾರದು, ಕೋಲು ಕಂಡರೆ ಪೊಲೀಸರು ಮೊದಲು ಅದನ್ನೇ ಕೇಳುತ್ತಾರೆ. ಹಗ್ಗ ಸಾಕು.

ಚೇಂಬರಿನ ಒಳಗೆ ನಲವತ್ತು ನಿಮಿಷ

ಧರಣಿಯ ಅತ್ಯಂತ ಅಪಾಯದ ಹೊತ್ತು ಲಾಠಿಯದ್ದಲ್ಲ, ಚಹಾದ್ದು. 'ಐದು ಜನ ಬನ್ನಿ, ಕೂತು ಮಾತಾಡೋಣ' ಎಂದು ಕರೆ ಬರುತ್ತದೆ. ಚೆನ್ನಾಗಿ ಮಾತಾಡುವ ಐವರೂ ಒಳಗೆ ಹೋಗುತ್ತಾರೆ. ಹೊರಗೆ ಉಳಿದವರಿಗೆ ಘೋಷಣೆ ಹಾಕಿಸಲೂ ಜನ ಇಲ್ಲ. ಒಳಗೆ ಎಸಿ, ಚಹಾ, ಬಿಸ್ಕತ್ತು, 'ನಾನೂ ಹಾಸ್ಟೆಲ್‌ನಲ್ಲೇ ಓದಿದವನು ಕಣಪ್ಪಾ' ಎಂಬ ಹಳೆಯ ಕತೆ. ಹತ್ತು ನಿಮಿಷಕ್ಕೆ ಒಬ್ಬರು ಪ್ರೊಫೆಸರ್ ಬಂದು ಕೂರುತ್ತಾರೆ, ಅವರಿಗೆ ಮೊದಲಿಂದ ವಿವರಿಸಬೇಕು. ಮೂರೂವರೆ ಆಗುತ್ತದೆ. ಕೆಂಗೇರಿ, ನೆಲಮಂಗಲ, ಹೊಸಕೋಟೆ ಕಡೆಯಿಂದ ಬರುವವರು ಬಸ್ಸಿಗೆ ಎದ್ದು ಹೋಗುತ್ತಾರೆ. ಐವರು ಹೊರಬಂದಾಗ ಮೂವತ್ತು ಜನ ಉಳಿದಿರುತ್ತಾರೆ, ಕೈಯಲ್ಲಿ ಬಾಯಿಮಾತಿನ ಭರವಸೆ ಮಾತ್ರ. ಯಾರಿಗೂ ಸಿಟ್ಟು ಮಾಡುವ ಶಕ್ತಿ ಇರುವುದಿಲ್ಲ. ಮಾರನೇ ದಿನ, ಒಳಗೆ ಹೋದವರು ಮಾರಿಕೊಂಡರು ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಶುರುವಾಗುತ್ತದೆ. ಒಳ್ಳೆಯ ಹುಡುಗರು ನೊಂದು ಹಿಂದೆ ಸರಿಯುವುದು ಇಲ್ಲಿಯೇ, ಇದನ್ನು ಕಂಡಷ್ಟು ಸಂಕಟ ಬೇರೆ ಯಾವುದರಲ್ಲೂ ಇಲ್ಲ.

ಮೊದಲ ಬೇಡಿಕೆ, ಕುಲಪತಿಗಳು ಕೆಳಗೆ ಬಂದು ಎಲ್ಲರೆದುರು ಮಾತಾಡಲಿ ಎಂಬುದೇ ಆಗಿರಬೇಕು. ಒಳಗೆ ಹೋಗಲೇಬೇಕಾದರೆ ಚೆನ್ನಾಗಿ ಮಾತಾಡುವವರಲ್ಲಿ ಇಬ್ಬರು ಹೊರಗೆ ಉಳಿಯಬೇಕು. ಹೋಗುವ ಐವರಲ್ಲಿ ಹುಡುಗಿಯರು ಕನಿಷ್ಠ ಇಬ್ಬರು, ಡೇ ಸ್ಕಾಲರ್ ಒಬ್ಬರು, ಮತ್ತು ಬಾಯಿ ತೆರೆಯದೆ ಬರೆದುಕೊಳ್ಳುವ ಒಬ್ಬರು. ಈ ಬರೆಯುವ ಕೆಲಸವೇ ಎಲ್ಲಕ್ಕಿಂತ ಮುಖ್ಯ. ಯಾರು, ಎಷ್ಟು ಗಂಟೆಗೆ, ಏನು ಒಪ್ಪಿದರು ಎಂಬುದು ಅವರದೇ ಮಾತಿನಲ್ಲಿ. ಹದಿನೈದು ನಿಮಿಷಕ್ಕೊಮ್ಮೆ ಒಬ್ಬರು ಹೊರಬಂದು ಹೇಳಿ ಹೋಗಬೇಕು. ಅರ್ಧ ಗಂಟೆ ಮೀರಿದರೆ ಎಲ್ಲರೂ ಎದ್ದು ಬರುವುದು ಎಂದು ಮೊದಲೇ ತೀರ್ಮಾನವಾಗಿರಬೇಕು, ಮತ್ತು ಒಳಗೆ ಒಪ್ಪುವ ಅಧಿಕಾರ ಐವರಿಗೆ ಇರಬಾರದು. ಅವರು ಕೇಳಿಕೊಂಡು ಬರುತ್ತಾರೆ, ಒಪ್ಪುವುದು ಮೆಟ್ಟಿಲ ಮೇಲಿನ ಸಭೆ.

ಭರವಸೆ ಲಿಖಿತವಾಗಿ ಬಂದರೂ ಓದಿ ನೋಡಬೇಕು. ಯಾವ ಕೆಲಸ, ಯಾವ ಅಧಿಕಾರಿ, ಯಾವ ದಿನಾಂಕದೊಳಗೆ ಎಂಬ ಮೂರೂ ಇರಬೇಕು. ಕಚೇರಿಯ ಪತ್ರಸಂಖ್ಯೆ, ಸಹಿ, ಮೊಹರು ಇರಬೇಕು. ದಿನಾಂಕ ಇಲ್ಲದ ಪತ್ರವನ್ನು ಕೈಗೆ ತೆಗೆದುಕೊಳ್ಳದೆ ವಾಪಸು ಕೊಟ್ಟ ತಂಡಗಳಿವೆ. ಸಂಜೆ ಆರರ ಹೊತ್ತಿಗೆ ದಿನಾಂಕ ಹಾಕಿದ ಪತ್ರವೇ ಬಂತು.

ಕಾನೂನಿನ ಗೆರೆ

ಕ್ಯಾಂಪಸ್ಸಿನ ಒಳಗೆ ಕೂರುವುದಕ್ಕೂ ಗೇಟು ದಾಟಿ ಮೈಸೂರು ರಸ್ತೆಗೆ ಇಳಿಯುವುದಕ್ಕೂ ಬಹಳ ವ್ಯತ್ಯಾಸ ಇದೆ. ಹೈಕೋರ್ಟಿನ ಮುಂದೆ ಬಂದ ಪ್ರಕರಣದ ಬಳಿಕ ಹೊರಬಿದ್ದ 2021ರ ಪೊಲೀಸ್ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಇರುವ ಜಾಗ ಫ್ರೀಡಂ ಪಾರ್ಕ್ ಒಂದೇ. ಟೌನ್ ಹಾಲ್ ಮೆಟ್ಟಿಲು, ಮೈಸೂರ್ ಬ್ಯಾಂಕ್ ಸರ್ಕಲ್ ಎಲ್ಲ ಈಗ ಹಳೆಯ ಮಾತು. ಇಲಾಖೆಯ ವಿರುದ್ಧದ ಬೇಡಿಕೆಗಳಿಗೆ ಅಲ್ಲಿಗೇ ಹೋಗಬೇಕು. ಜ್ಞಾನಭಾರತಿಯಿಂದ ನೇರಳೆ ಮಾರ್ಗದ ಮೆಟ್ರೊ ಹತ್ತಿ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದಲ್ಲಿ ಇಳಿದು ನಡೆಯಬಹುದು. ನೂರು ಜನ ಹೋಗಿ ಬರುವ ಟಿಕೆಟ್ಟಿನ ಹಣವನ್ನು ಮೊದಲೇ ಒಟ್ಟುಮಾಡದಿದ್ದರೆ ನಲವತ್ತು ಜನ ಬರುತ್ತಾರೆ.

ಜನ ಗುಂಪು ಸೇರದಂತೆ ನಿಷೇಧಾಜ್ಞೆ ಹಾಕುವ ಹಳೆಯ 144ನೇ ಸೆಕ್ಷನ್ 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 163 ಆಗಿದೆ. ಅದು ಜಾರಿಯಲ್ಲಿದ್ದರೆ ಐದು ಜನ ಸೇರುವುದೂ ಪ್ರಕರಣಕ್ಕೆ ದಾರಿ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಗಳ ಸಮಯದಲ್ಲಿ ನಗರಕ್ಕೆಲ್ಲ 144 ಹಾಕಿದಾಗ ಬನ್ನೇರುಘಟ್ಟ ರಸ್ತೆಯ ಐಐಎಂ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಗೇಟಿನ ಬಳಿ ಬಂದು, ಚಪ್ಪಲಿ, ಬೂಟು, ಫಲಕ ಬಿಟ್ಟು ಹೋದರು. ಆ ನಿಷೇಧಾಜ್ಞೆ ಕಾನೂನಿಗೆ ವಿರುದ್ಧವಾಗಿತ್ತು ಎಂದು 2020ರ ಫೆಬ್ರುವರಿಯಲ್ಲಿ ಹೈಕೋರ್ಟ್ ಹೇಳಿತು. ಆದರೆ ತೀರ್ಪು ಬರುವ ಮೊದಲು ಠಾಣೆಗೆ ಹೋಗಿ ಬರಬೇಕಾದದ್ದು ವಿದ್ಯಾರ್ಥಿ. ಎಫ್‌ಐಆರ್‌ನಲ್ಲಿ ಹೆಸರು ಬಿದ್ದರೆ ಪಾಸ್‌ಪೋರ್ಟ್, ಸರ್ಕಾರಿ ಕೆಲಸದ ಪೊಲೀಸ್ ಪರಿಶೀಲನೆಯಲ್ಲಿ ವರ್ಷಗಟ್ಟಲೆ ಉತ್ತರ ಕೊಡಬೇಕು. ಗೇಟು ದಾಟುವ ತೀರ್ಮಾನ ಮಾಡುವಾಗ ಇದನ್ನು ಪ್ರತಿಯೊಬ್ಬರಿಗೂ ಬಿಡಿಸಿ ಹೇಳುವುದು ಮುಂದಾಳುಗಳ ಕರ್ತವ್ಯ. ವಕೀಲರ ನಂಬರನ್ನು ಫೋನಿನಲ್ಲಿ ಇಟ್ಟುಕೊಂಡರೆ ಸಾಲದು, ಕೈ ಮೇಲೆ ಬರೆದುಕೊಳ್ಳಬೇಕು. ಮೊದಲು ಹೋಗುವುದೇ ಫೋನು.

ಎಲ್ಲ ಎಚ್ಚರವನ್ನೂ ಮೀರಿ ಸಿಟ್ಟು ಒಡೆಯುವ ದಿನಗಳಿವೆ. 2022ರ ಅಕ್ಟೋಬರ್‌ನಲ್ಲಿ ಜ್ಞಾನಭಾರತಿಯ ಒಳಗೇ ಬಿಎಂಟಿಸಿ ಬಸ್ಸಿನಡಿ ಸಿಕ್ಕ ವಿದ್ಯಾರ್ಥಿನಿ ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಸಾವಿರ ಎಕರೆಗೂ ಮೀರಿದ ಆ ಕ್ಯಾಂಪಸ್ಸಿನ ನಡುವೆ ಮೈಸೂರು ರಸ್ತೆಯಿಂದ ನಾಗರಬಾವಿ, ಮಲ್ಲತ್ತಹಳ್ಳಿ ಕಡೆಗೆ ಊರಿನ ವಾಹನಗಳೆಲ್ಲ ಹಾದುಹೋಗುತ್ತಿದ್ದವು. ಹೊರಗಿನ ವಾಹನ ನಿಲ್ಲಿಸಿ ಎಂದು ವಿದ್ಯಾರ್ಥಿಗಳು ರಸ್ತೆಯಲ್ಲೇ ಕೂತರು. ಅಂಥ ದಿನ ಮನವಿ, ಸೀಲು, ಪಾಳಿ ಯಾವುದನ್ನೂ ಯಾರೂ ಕೇಳಬಾರದು. ಆದರೆ ಮೂರನೇ ದಿನವೋ ನಾಲ್ಕನೇ ದಿನವೋ ಯಾರಾದರೂ ಕೂತು ಬರೆಯಲೇಬೇಕಾಗುತ್ತದೆ: ಯಾವ ಗೇಟು, ಯಾವ ಹೊತ್ತು, ಯಾವ ವಾಹನ, ಅದನ್ನು ತಡೆಯಬಲ್ಲವರು ವಿಶ್ವವಿದ್ಯಾಲಯವೋ, ಪಾಲಿಕೆಯೋ, ಸಂಚಾರ ಪೊಲೀಸರೋ.

ಎದ್ದ ಮೇಲೆ

ಧರಣಿ ಎದ್ದ ಮೇಲಿನ ಮೂರು ತಿಂಗಳು ಬರಹದ ಕೆಲಸ. ಒಪ್ಪಿದ ದಿನಾಂಕ ಮುಗಿದ ಮಾರನೇ ದಿನ, ಹಿಂದಿನ ಪತ್ರಸಂಖ್ಯೆ ಹಾಕಿ ನೆನಪೋಲೆ ಕೊಡಬೇಕು. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಇಲ್ಲಿ ಎಡವುವವರು ಬಹಳ. ಊಟ, ಶುಲ್ಕ, ಫಲಿತಾಂಶ ಮೂರನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ತಿರಸ್ಕರಿಸಲು ಕಾರಣ ನಾವೇ ಕೊಟ್ಟ ಹಾಗೆ. ಯಾಕೆ ಮಾಡಿಲ್ಲ ಎಂದು ಕೇಳಬಾರದು. ಇಂಥ ಸಂಖ್ಯೆಯ ನಮ್ಮ ಮನವಿಯ ಮೇಲಿನ ಟಿಪ್ಪಣಿ ಹಾಳೆಯ ನಕಲು ಕೊಡಿ ಎಂದು ಕೇಳಬೇಕು. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಇನ್ನು 30 ದಿನದೊಳಗೆ ಮೊದಲ ಮೇಲ್ಮನವಿ. ಟಿಪ್ಪಣಿ ಹಾಳೆ ಸಿಕ್ಕಿತೆಂದರೆ ಕಾಗದ ಯಾರ ಮೇಜಿನ ಮೇಲೆ, ಯಾವ ದಿನದಿಂದ ನಿಂತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಮುಂದಿನ ಸಲ ಆ ಮೇಜಿನ ಎದುರೇ ಕೂರಬಹುದು.

ಇದೇ ಹೊತ್ತಿಗೆ ಮುಂದೆ ನಿಂತವರಿಗೆ ಕಾರಣ ಕೇಳಿ ನೋಟಿಸು ಬರಬಹುದು, ಮನೆಗೆ ಫೋನು ಹೋಗಬಹುದು. ನೋಟಿಸಿಗೆ ಒಬ್ಬರೇ ಕೂತು ಭಾವುಕವಾಗಿ ಉತ್ತರ ಬರೆಯಬಾರದು, ಕ್ಷಮಾಪಣೆ ಬರೆದುಕೊಡಿ ಎಂದು ಬಾಯಲ್ಲಿ ಹೇಳಿದ್ದಕ್ಕೆ ಕಾಗದ ಕೊಡಬಾರದು. ಅಪ್ಪ ಅಮ್ಮನಿಗೆ ಬೇರೆಯವರಿಂದ ಗೊತ್ತಾಗುವ ಮೊದಲು ಮಕ್ಕಳೇ ಫೋನ್ ಮಾಡಿ ಹೇಳಿದರೆ ಮನೆ ಜೊತೆಗೆ ನಿಲ್ಲುತ್ತದೆ. ಬಹುಪಾಲು ಮನೆಗಳು ನಿಂತಿವೆ.

ಇನ್ನು ಕಡತ. ದಪ್ಪ ರಟ್ಟಿನ ಬಾಕ್ಸ್ ಫೈಲು ಒಂದು ಸಾಕು. ಸೀಲು ಬಿದ್ದ ಮನವಿ, ಲಿಖಿತ ಭರವಸೆ, ಒಳಗೆ ಹೋದವರು ಬರೆದ ಟಿಪ್ಪಣಿ, ಮಾಹಿತಿ ಹಕ್ಕಿನ ಉತ್ತರ, ಪತ್ರಿಕೆಯ ತುಣುಕು, ನೀರು ಊಟದ ಲೆಕ್ಕ, ಯಾವ ಬೀಗದ ಕೀಲಿ ಯಾರ ಹತ್ತಿರ ಎಂಬ ಚೀಟಿ. ಹಾಸ್ಟೆಲ್ ಕೋಣೆಯಲ್ಲಿ ಇಟ್ಟರೆ ರಜೆಯಲ್ಲಿ ಕೋಣೆ ಖಾಲಿ ಮಾಡಿಸುವಾಗ ಹೋಗುತ್ತದೆ, ಆದ್ದರಿಂದ ಇನ್ನೂ ಮೂರು ವರ್ಷ ಇರುವ ಸಂಶೋಧನಾ ವಿದ್ಯಾರ್ಥಿಯೊಬ್ಬರ ಬಳಿ ಮೂಲ, ಸ್ಕ್ಯಾನ್ ಮಾಡಿದ ಪ್ರತಿ ಇಬ್ಬರ ಬಳಿ. ನಾಲ್ಕನೇ ಸೆಮಿಸ್ಟರಿನ ಪ್ರಾಜೆಕ್ಟ್ ಕೊಟ್ಟು ಎಲ್ಲರೂ ಚದುರುವ ಮೊದಲು ಎರಡನೇ ಸೆಮಿಸ್ಟರಿನವರನ್ನು ಕೂರಿಸಿಕೊಂಡು ಒಂದೊಂದೇ ಕಾಗದ ತೆಗೆದು ವಿವರಿಸಬೇಕು. ಆಗಲೇ ಸ್ಕ್ಯಾನ್‌ಗಳನ್ನೂ ತೆರೆದು ನೋಡುವುದು ಒಳ್ಳೆಯದು. ಸೀಲಿನೊಳಗಿನ ಸಂಖ್ಯೆ ಮಸುಕಾಗಿದ್ದರೆ, ಮೂಲ ಇನ್ನೂ ಕೈಯಲ್ಲಿರುವಾಗಲೇ ಇನ್ನೊಮ್ಮೆ ತೆಗೆಯಬೇಕು.